ಆ ರೈಲಿನ ಕಿಟಕಿ ತೆಗೆಯೋಕೆ ಬರಲ್ಲ

ನಿನ್ನೆ ತಿರಾನೊ ಸ್ಟೇಷನ್ನಿನಲ್ಲಿ ಕಂಡದ್ದನ್ನು ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ನಾನು ಮಗಳ ಮನೆಗೆ ಬಂದಿರುವುದು ನಿಮಗೆಲ್ಲ ಗೊತ್ತು. ಸ್ವಿಟ್ಜರ್‌ಲ್ಯಾಂಡಿನ ಸೇಂಟ್ ಮೋರಿಟ್ಸ್‌ನಿಂದ ಇಟಲಿ ಗಡಿ ದಾಟಿ ತಿರಾನೊವರೆಗೆ, ಬರ್ನಿನಾ ಮಾರ್ಗದಲ್ಲಿ ಒಬ್ಬಳೇ ಹೋಗಿದ್ದೆ. ನಾನು ಇಳಿದ ಸ್ವಲ್ಪ ಹೊತ್ತಿಗೆ ದೊಡ್ಡ ಗಾಜಿನ ಪನೋರಮಾ ರೈಲು ಬಂತು. ಬೆಂಗಳೂರಿನ ಒಂದು ಗುಂಪು ಇಳಿಯಿತು. ಟೂರ್ ಮ್ಯಾನೇಜರ್ ಆಗಲೇ "ಬಸ್ಸು, ಬಸ್ಸು" ಅಂತ ಅವಸರ ಮಾಡುತ್ತಿದ್ದ. ಸೀರೆ ಮೇಲೆ ಸ್ವೆಟರ್ ಹಾಕಿದ್ದ ಅಜ್ಜಿಯೊಬ್ಬರು, ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ನಿಂತರು. "ನಾಲ್ಕು ಗಂಟೆ ಕೂತ್ಕೊಂಡು ಬಂದ್ವಿ ಕಣಮ್ಮಾ. ಅಷ್ಟೊಂದು ಹಿಮ ಕಾಣಿಸ್ತು, ಒಂದು ಚೂರು ಗಾಳಿ ತಾಗಲಿಲ್ಲ. ಎಲ್ಲೂ ಇಳೀಬೇಡಿ ಅಂದ್ಬಿಟ್ರು" ಅಂದರು.

ಹೊಟ್ಟೆ ಉರಿದುಹೋಯಿತು.

ಅದೇ ಹಳಿ ಮೇಲೆ ಗಂಟೆಗೊಂದು ಸಾಮಾನ್ಯ ರೈಲು ಓಡುತ್ತದೆ. ಅದಕ್ಕೆ ಸೀಟ್ ಬುಕ್ ಮಾಡಬೇಕಿಲ್ಲ, ಅದರ ಜಾಸ್ತಿ ದುಡ್ಡೂ ಇಲ್ಲ. ಅದೇ ಬೆಟ್ಟ, ಅದೇ ಕೆರೆ, ಅದೇ ಸೇತುವೆ. ಹಳೇ ಬೋಗಿ ಸಿಕ್ಕರೆ ಕಿಟಕಿ ಇಳಿಸಬಹುದು. ಎಲ್ಲಿ ಬೇಕಾದರೂ ಇಳಿದು ಮುಂದಿನ ರೈಲು ಹಿಡಿಯಬಹುದು. ಇದನ್ನು ನಮ್ಮವರಿಗೆ ಯಾರೂ ಯಾಕೆ ಹೇಳಲ್ಲ?

ನಾನು ಆ ಸಾಮಾನ್ಯ ರೈಲಿನಲ್ಲೇ ಹೋಗಿ ಮೊರ್ಟೆರಾಚ್‌ನಲ್ಲಿ ಇಳಿದೆ. ಈ ರೈಲು ಶುರುವಾದ ಕಾಲದಲ್ಲಿ ಅಲ್ಲಿನ ಹಿಮನದಿ ಸ್ಟೇಷನ್ನಿಗೆ ಹತ್ತಿರವೇ ಇತ್ತಂತೆ. ಈಗ ಅದರ ಕಡೆಗೆ ಮುಕ್ಕಾಲು ಗಂಟೆ ನಡೆಯಬೇಕು. ಯಾವ ವರ್ಷ ಹಿಮ ಎಲ್ಲಿತ್ತು ಅಂತ ದಾರಿಯಲ್ಲಿ ಫಲಕ ನೆಟ್ಟಿದ್ದಾರೆ. ಒಂದೊಂದು ಫಲಕ ದಾಟುವಾಗಲೂ ಎದೆ ಭಾರವಾಯಿತು. ಗಾಜಿನೊಳಗೆ ಕೂತವರಿಗೆ ಇದು ಗೊತ್ತಾಗುವುದು ಹೇಗೆ? ಆಮೇಲೆ 2253 ಮೀಟರ್ ಎತ್ತರದ ಓಸ್ಪಿಜಿಯೊ ಬರ್ನಿನಾದಲ್ಲಿ ಇಳಿದೆ. ಅಲ್ಲಿ ಹಾಲಿನಂಥ ನೀರಿನ ಲಾಗೊ ಬಿಯಾಂಕೊ ಕೆರೆ ಇದೆ. ಅದರ ನೀರು ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗುತ್ತದೆ. ಪಕ್ಕದಲ್ಲೇ ಇರುವ ಇನ್ನೊಂದು ಕಪ್ಪು ಕೆರೆಯ ನೀರು ಡ್ಯಾನ್ಯೂಬ್ ನದಿ ಸೇರಿ ಕಪ್ಪು ಸಮುದ್ರಕ್ಕೆ. ನಡುವೆ ನಿಂತು ಎರಡೂ ಕಡೆ ನೋಡಿದೆ. ಎಂಥಾ ಗಾಳಿ ಗೊತ್ತಾ!

ವಯಸ್ಸಾದವರಿಗೆ ಪನೋರಮಾನೇ ಆರಾಮ, ಸೀಟು ಗ್ಯಾರಂಟಿ ಅಂತ ನೀವು ಹೇಳಬಹುದು. ಸರಿ. ಆದರೆ ಗಾಳಿ ತಾಗಲಿಲ್ಲ ಅಂದಿದ್ದು ಆ ವಯಸ್ಸಾದವರೇ ಅಲ್ವಾ? ಸಾಮಾನ್ಯ ರೈಲಿನಲ್ಲೂ ಮೆತ್ತನೆ ಸೀಟಿದೆ, ಶೌಚಾಲಯ ಇದೆ. ಆರಾಮದ ಮಾತು ಸುಮ್ನೆ ಒಂದು ನೆಪ. ಗುಂಪನ್ನು ಎಣಿಸಿ ಹತ್ತಿಸಿ, ಎಣಿಸಿ ಇಳಿಸುವುದು ಸುಲಭ, ಅಷ್ಟೇ.

ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. 2017ರಲ್ಲಿ ಅಪ್ಪನನ್ನು ಇದೇ ಮಾರ್ಗದಲ್ಲಿ ಕರೆತಂದಿದ್ದೆ. ಪ್ಯಾಕೇಜಿನಲ್ಲಿ, ಪನೋರಮಾದಲ್ಲಿ. ಸಕಲೇಶಪುರ ಘಾಟಿಯಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವರು ಅಪ್ಪ. ನಮ್ಮ ಘಾಟಿ 50 ಮೀಟರಿಗೆ 1 ಮೀಟರ್ ಏರುತ್ತದೆ. ಇಲ್ಲಿ ಸುಮಾರು 14 ಮೀಟರಿಗೇ 1 ಮೀಟರ್, ಅದೂ ರೈಲು ಜಾರದಂತೆ ಹಿಡಿಯುವ ಹಲ್ಲಿನ ಹಳಿ ಇಲ್ಲದೆ. 1910ರಲ್ಲೇ ಕಟ್ಟಿ ಮುಗಿಸಿದ ದಾರಿ ಇದು. ಚಕ್ರದ ಸದ್ದು ಕೇಳಬೇಕು ಅಂತ ಅಪ್ಪ ಗಾಜಿಗೆ ಕಿವಿ ಇಟ್ಟಿದ್ದರು. "ಇದನ್ನ ತೆಗೆಯೋಕೆ ಬರಲ್ವಾ?" ಅಂತ ಎರಡು ಸಲ ಕೇಳಿದರು. ಬರಲ್ಲ ಅಂದೆ. ಹಿಂದೆಯೇ ಬರುವ ರೈಲಿನ ವಿಷಯ ನನಗೂ ಗೊತ್ತಿರಲಿಲ್ಲ, ವಿಚಾರಿಸಲೂ ಇಲ್ಲ. ಈಗ ಅಪ್ಪನ ಮಂಡಿ ಮನೆಯ ಮೆಟ್ಟಿಲಿಗೇ ಒಪ್ಪುವುದಿಲ್ಲ.

ನಿನ್ನೆ ಬ್ರೂಸಿಯೊದಲ್ಲಿ ರೈಲು ಕಲ್ಲಿನ ಸೇತುವೆ ದಾಟಿ, ಪೂರ್ತಿ ಒಂದು ಸುತ್ತು ಹೊಡೆದು, ತಾನು ಬಂದ ಹಳಿಯ ಕೆಳಗೇ ಹಾದುಹೋಗುವಾಗ ಕಿಟಕಿ ಇಳಿಸಿ ಸದ್ದು ರೆಕಾರ್ಡ್ ಮಾಡಿದೆ. ತಿರಾನೊದಿಂದ ಅಪ್ಪನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಕರ್ವ್ ಬಹಳ ಬಿಗಿ ಇದೆ. ಮೀಟರ್ ಗೇಜಾ?"

"ಹೌದಪ್ಪ."

"ಚಳಿಗಾಲದಲ್ಲಿ ಹಳಿ ಮೇಲಿನ ಹಿಮ ಯಾರು ತೆಗೀತಾರೆ, ಕೇಳಿದ್ಯಾ?"