ಸ್ಪಷ್ಟನೆ: ಅಮೆರಿಕದ ಬಂದೂಕು ಬಿಳಿಯರದ್ದಷ್ಟೇ ಅಲ್ಲ
‘ಅಮೆರಿಕದಲ್ಲಿ ಬಂದೂಕು ಬಿಳಿಯರ ಹುಚ್ಚು, ಕಪ್ಪುಜನರಿಗೆ ಬೇಕಿರುವುದು ಪೂರ್ತಿ ನಿಷೇಧ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ 2023ರಲ್ಲಿ ನಡೆಸಿದ ಸಮೀಕ್ಷೆಯಂತೆ ಸ್ವಂತ ಬಂದೂಕು ಇರುವವರು ಬಿಳಿಯರಲ್ಲಿ ಶೇ 38, ಕಪ್ಪುಜನರಲ್ಲಿ ಶೇ 24. ಕಾನೂನು ಬಿಗಿಯಾಗಲಿ ಎನ್ನುವವರು ಕಪ್ಪುಜನರಲ್ಲೇ ಹೆಚ್ಚು, ನಿಜ. ಆದರೆ ಬಿಗಿ ಬೇರೆ, ನಿಷೇಧ ಬೇರೆ. ಕಪ್ಪುಜನರಲ್ಲಿ ಗುಂಡೇಟಿನ ಸಾವುಗಳ ಬಹುಪಾಲು ಕೊಲೆ, ಬಿಳಿಯರಲ್ಲಿ ಆತ್ಮಹತ್ಯೆ. ಹಾಗಾಗಿ ‘ಸುರಕ್ಷತೆ’ ಎಂದಾಗ ಒಬ್ಬರಿಗೆ ಬೀದಿ ನೆನಪಾದರೆ ಇನ್ನೊಬ್ಬರಿಗೆ ಬಂದೂಕಿಟ್ಟ ಮನೆಯ ಬೀರು ನೆನಪಾಗಬೇಕು, ಆಗುವುದು ಕಡಿಮೆ.

ಅದೇ ಸಂದೇಶದ ‘ಮ್ಯಾಗಜೀನ್ ತೆಗೆದರೆ ಪಿಸ್ತೂಲು ಖಾಲಿ’ ಎಂಬ ಸಾಲಂತೂ ಅಪಾಯಕಾರಿ. ಮ್ಯಾಗಜೀನ್ ಎಂದರೆ ಪಿಸ್ತೂಲಿಗೆ ಗುಂಡು ತುಂಬಿಡುವ ಪೆಟ್ಟಿಗೆ. ಅದನ್ನು ತೆಗೆದರೂ ಚೇಂಬರಿನಲ್ಲಿ, ಅಂದರೆ ಸಿಡಿಯುವ ಮೊದಲು ಗುಂಡು ಕೂರುವ ಜಾಗದಲ್ಲಿ, ಒಂದು ಗುಂಡು ಉಳಿದಿರಬಹುದು. ಹಲವು ಪಿಸ್ತೂಲುಗಳು ಮ್ಯಾಗಜೀನ್ ಇಲ್ಲದೆಯೂ ಸಿಡಿಯುತ್ತವೆ. ಮೊದಲು ಮ್ಯಾಗಜೀನ್ ತೆಗೆದು, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಹಿಂದಕ್ಕೆಳೆದು ಚೇಂಬರನ್ನು ಕಣ್ಣಿಂದಲೂ ಬೆರಳಿಂದಲೂ ನೋಡಬೇಕು. ಕ್ರಮ ತಿರುವುಮುರುವಾದರೆ ಸ್ಲೈಡ್ ಮುಂದೆ ಸರಿಯುವಾಗ ಇನ್ನೊಂದು ಗುಂಡು ಒಳಗೇರುತ್ತದೆ.