ಸ್ಲೀಪರ್ ಬೋಗಿ ತೆಗೆದು ಎಸಿ ಹಾಕುವುದು ಸರಿಯೇ?

ದೂರದ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಎಸ್-1, ಎಸ್-2 ಎಂಬ ಎಸಿ ಇಲ್ಲದ ಸ್ಲೀಪರ್ ಬೋಗಿಗಳ ಸಾಲು ಚಿಕ್ಕದಾಗುತ್ತಿದೆ, ಬಿ-1, ಬಿ-2 ಎಂಬ ತ್ರೀ-ಟಯರ್ ಎಸಿ ಬೋಗಿಗಳ ಸಾಲು ಬೆಳೆಯುತ್ತಿದೆ. ಟಿಕೆಟ್ ಬುಕ್ ಮಾಡುವವರೆಲ್ಲ ಇದನ್ನು ಗಮನಿಸಿದ್ದಾರೆ. ಇದು ಆಗಬೇಕಾದ ಬದಲಾವಣೆಯೇ? ಇಬ್ಬರ ವಾದ ಇಲ್ಲಿದೆ.

ಪರ

ಮೇ ತಿಂಗಳಲ್ಲಿ ಮುಂಬೈಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನ ಸ್ಲೀಪರ್ ಹತ್ತಿ, ಸೊಲ್ಲಾಪುರದ ಹತ್ತಿರ ಬಂದಾಗ ಮೇಲಿನ ಬರ್ತ್‌ನಲ್ಲಿ ಮಲಗಿ ಛಾವಣಿ ಮುಟ್ಟಿ ನೋಡಿ. ಕೈ ಸುಡುತ್ತದೆ. ಫ್ಯಾನು ಅದೇ ಬಿಸಿ ಗಾಳಿಯನ್ನು ಮುಖಕ್ಕೆ ಹೊಡೆಯುತ್ತಿರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆ ಗೊತ್ತಿರುವ ಯಾರೂ ರೈಲಿನ ಎಸಿಯನ್ನು ಶೋಕಿ ಎನ್ನಲಾರರು.

ಎಸಿ ಬೋಗಿ ಬಂದರೆ ಜಾಗ ಕಡಿಮೆಯಾಗುತ್ತದೆ ಎಂಬ ಮಾತು ಈಗ ನಿಲ್ಲುವುದಿಲ್ಲ. ಪೆರಂಬೂರಿನ ಐಸಿಎಫ್ ಕಾರ್ಖಾನೆಯ ಹಳೆಯ ವಿನ್ಯಾಸದ ಸ್ಲೀಪರ್‌ನಲ್ಲಿ 72 ಬರ್ತ್ ಇದ್ದವು. ಆ ವಿನ್ಯಾಸದ ತಯಾರಿಕೆ 2018ರಲ್ಲೇ ನಿಂತಿತು. ಈಗ ಬರುವ, ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಸ್ಲೀಪರ್‌ನಲ್ಲಿ 80. 2021ರಲ್ಲಿ ಬಂದ ಎಸಿ ತ್ರೀ-ಟಯರ್ ಎಕಾನಮಿಯಲ್ಲಿ 83 ಬರ್ತ್ ಇಟ್ಟರು. ಹೊದಿಕೆ, ದಿಂಬು ಇಡಲು ಮೂರನ್ನು ಬಿಟ್ಟರೂ ಸ್ಲೀಪರ್‌ನಷ್ಟೇ ಜನ ಹಿಡಿಸುತ್ತಾರೆ. ಮೊದಲಿನಂತೆ ಎಸಿ, ದೀಪಗಳಿಗಾಗಿ ರೈಲಿನ ಎರಡೂ ತುದಿಯಲ್ಲಿ ಡೀಸೆಲ್ ಜನರೇಟರ್ ಬೋಗಿ ಗುಡುಗುತ್ತಾ ಸಾಗಬೇಕಾದ ಅಗತ್ಯವೂ ಇಲ್ಲ, ಎಂಜಿನ್‌ನಿಂದಲೇ ವಿದ್ಯುತ್ ಬರುತ್ತದೆ.

ವೇಗದ ಮಾತೂ ಇದೆ. ಗಂಟೆಗೆ 130 ಕಿ.ಮೀ. ದಾಟಿದ ಮೇಲೆ ಕಿಟಕಿ ತೆರೆದಿಟ್ಟರೆ ಗಾಳಿ, ದೂಳು ತಡೆಯಲಾಗದು. ಆದ್ದರಿಂದಲೇ 130ರಿಂದ 160 ಕಿ.ಮೀ. ವೇಗದ ರೈಲುಗಳಿಗೆ ಎಸಿ ಬೋಗಿಯೇ ಬೇಕೆಂದು ರೈಲ್ವೆ 2020ರಲ್ಲೇ ಹೇಳಿತ್ತು.

ಇನ್ನು ದುಡ್ಡು. ಪ್ರಯಾಣಿಕರಿಗೆ ಸರಾಸರಿ ಶೇ 46ರಷ್ಟು ಸಬ್ಸಿಡಿ ಕೊಡುತ್ತಿದ್ದೇವೆ ಎಂದು ರೈಲ್ವೆಯೇ ಹೇಳಿಕೊಂಡಿದೆ. ಆ ಕೊರತೆಯನ್ನು ಕಲ್ಲಿದ್ದಲು, ಅದಿರು ಹೊರುವ ಗೂಡ್ಸ್ ಗಾಡಿಗಳು ತುಂಬುತ್ತಿವೆ. ಸ್ವಲ್ಪ ಹೆಚ್ಚು ಕೊಡಬಲ್ಲ ಮಧ್ಯಮ ವರ್ಗ ಇದೆ. ಅವರಿಗೆ ಎಸಿ ಬರ್ತ್ ಸಿಗದಿದ್ದರೆ ಖಾಸಗಿ ಸ್ಲೀಪರ್ ಬಸ್ಸಿಗೆ ಅದಕ್ಕಿಂತ ಜಾಸ್ತಿ ಕೊಟ್ಟು ಹೋಗುತ್ತಾರೆ. ಆ ಹಣ ರೈಲ್ವೆಗೇ ಬರಲಿ.

ವಿರೋಧ

ಬರ್ತ್‌ಗಳ ಲೆಕ್ಕ ಸರಿಯಾಗಿಯೇ ಇದೆ. ಅದರ ಪಕ್ಕದಲ್ಲಿ ಟಿಕೆಟ್ ದರ ಯಾಕೆ ಬರೆದಿಲ್ಲ?

ಸ್ಲೀಪರ್‌ಗಿಂತ ತ್ರೀ-ಟಯರ್ ಎಸಿ ದರ ಹೆಚ್ಚೂಕಡಿಮೆ ಎರಡೂವರೆ ಪಟ್ಟು. ಎಕಾನಮಿ ಎಂದು ಹೆಸರಿಟ್ಟದ್ದು ಅದಕ್ಕಿಂತ ಒಂದಿಷ್ಟು ಅಗ್ಗ, ಅಷ್ಟೇ. ಮೇಲೆ ಶೇ 5 ಜಿಎಸ್‌ಟಿ; ಸ್ಲೀಪರ್ ಟಿಕೆಟ್‌ಗೆ ಅದಿಲ್ಲ. ಯಾದಗಿರಿಯಿಂದ ಮುಂಬೈಗೋ ಬೆಂಗಳೂರಿಗೋ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಕ್ಕೆ ಒಂದು ಟಿಕೆಟ್ ಸಾಲದು. ಗಂಡ, ಹೆಂಡತಿ, ಮಕ್ಕಳು, ಜೊತೆಗೆ ಪಾತ್ರೆ ತುಂಬಿದ ಚೀಲ. ಸ್ಲೀಪರ್ ಸಿಗದಿದ್ದರೆ ಇವರು ಎಸಿಗೆ ಏರುವುದಿಲ್ಲ, ಜನರಲ್ ಬೋಗಿಗೆ ಇಳಿಯುತ್ತಾರೆ. ನೂರು ಜನ ಕೂರುವ ಆ ಬೋಗಿಯಲ್ಲಿ ಶೌಚಾಲಯದ ಬಾಗಿಲಿಗೂ ಒರಗಿ ನಿಂತವರಿರುತ್ತಾರೆ. ಎಸಿ ಬೋಗಿಯ ಲೆಕ್ಕ ಹಾಕುವವರು ಈ ಬೋಗಿಯನ್ನು ಎಣಿಸುವುದೇ ಇಲ್ಲ.

ಮೊದಲಾದರೆ ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಹತ್ತಿ, ಯಾರದಾದರೂ ಕಾಲ ಬಳಿ ಕುಳಿತು ರಾತ್ರಿ ಕಳೆಯುವ ದಾರಿಯಿತ್ತು. ಕೌಂಟರ್‌ನಲ್ಲಿ ಪಡೆದ ಅಂಥ ಟಿಕೆಟ್‌ನವರನ್ನೂ 2025ರ ಮೇ 1ರಿಂದ ಬಿಗಿಯಾಗಿ ಇಳಿಸುತ್ತಿದ್ದಾರೆ. ಬರ್ತ್ ಇದ್ದವರಿಗೆ ಇದು ನೆಮ್ಮದಿ, ನಾನು ಅದನ್ನು ತಪ್ಪೆನ್ನುವುದಿಲ್ಲ. ಆದರೆ ಇತ್ತ ಸ್ಲೀಪರ್ ಬರ್ತ್ ಕಡಿಮೆ ಮಾಡಿ ಅತ್ತ ಈ ನಿಯಮವನ್ನೂ ಬಿಗಿ ಮಾಡಿದರೆ ಬಡವನಿಗೆ ಎರಡೂ ಕಡೆಯಿಂದ ಹೊಡೆತ.

ವೇಗದ ವಾದಕ್ಕೆ ರೈಲ್ವೆಯೇ ಉತ್ತರ ಕೊಟ್ಟಿದೆ. 2023ರ ಡಿಸೆಂಬರ್ 30ರಂದು ಹೊರಟ ಅಮೃತ್ ಭಾರತ್ ರೈಲುಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬೈಯಪ್ಪನಹಳ್ಳಿ ಟರ್ಮಿನಲ್‌ಗೆ ಪಶ್ಚಿಮ ಬಂಗಾಳದ ಮಾಲ್ದಾದಿಂದ ಬರುತ್ತದೆ. 22 ಬೋಗಿ: 12 ಸ್ಲೀಪರ್, 8 ಜನರಲ್, ಉಳಿದೆರಡು ಲಗೇಜ್ ಇರುವವು. ಎಸಿ ಒಂದೂ ಇಲ್ಲ. ಎರಡೂ ತುದಿಗೆ ಎಂಜಿನ್, ವಿನ್ಯಾಸದ ವೇಗ 130 ಕಿ.ಮೀ. ಇನ್ನು 160ರ ಮಾತು ಬಿಡಿ. ರಾತ್ರಿ ಓಡುವ ನಮ್ಮ ಎಕ್ಸ್‌ಪ್ರೆಸ್‌ಗಳು ಆ ವೇಗದ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಿದ್ದ ಮೇಲೆ ಅವುಗಳ ಕಿಟಕಿಗೆ ಗಾಜು ಜಡಿಯಲು ವೇಗ ಹೇಗೆ ಕಾರಣವಾದೀತು?

ಬಿಸಿಲಿನ ಕಷ್ಟವನ್ನು ಒಪ್ಪುತ್ತೇನೆ. ಆದರೆ ಮೈಸೂರಿನಿಂದ ಹೊರಡುವ ರಾತ್ರಿ ಗಾಡಿಗೆ ಡಿಸೆಂಬರಿನಲ್ಲಿ ಯಾವ ಎಸಿ? ನಡುದಾರಿಯಲ್ಲಿ ಎಸಿ ಕೆಟ್ಟರೆ ತೆರೆಯಲಾಗದ ಕಿಟಕಿಯ ಬೋಗಿಯಲ್ಲಿ ಸ್ಲೀಪರ್‌ಗಿಂತ ಹೆಚ್ಚು ಉಸಿರು ಕಟ್ಟುತ್ತದೆ. (ಅಲ್ಲಿ ಕೊಡುವ ಕಂಬಳಿ ತಿಂಗಳಿಗೊಮ್ಮೆಯಾದರೂ ಒಗೆಯಲ್ಪಡುತ್ತದಂತೆ. ಅದನ್ನು ರೈಲ್ವೆ ಸಮಾಧಾನದ ಧಾಟಿಯಲ್ಲಿಯೇ ತಿಳಿಸಿತು!)

ಎಸಿ ಬೋಗಿಯ ಮೇಲೆ ನನಗೇನೂ ಹಗೆಯಿಲ್ಲ. ಸ್ಲೀಪರ್ ದರದಲ್ಲೇ ಕೊಡುವುದಾದರೆ ನಾಳೆಯೇ ಎಲ್ಲ ಬೋಗಿಗೂ ಹಾಕಲಿ. ಅಲ್ಲಿಯವರೆಗೆ, ಯಾವ ರೈಲಿನಲ್ಲಿ ಎಷ್ಟು ಸ್ಲೀಪರ್ ಬರ್ತ್ ತೆಗೆಯುತ್ತಾರೋ ಅಷ್ಟನ್ನು ಅದೇ ದಾರಿಯ ಇನ್ನೊಂದು ರೈಲಿಗೆ ಸೇರಿಸಲಿ. ಸೇರಿಸಿದ್ದನ್ನು ಬಾಗಲಕೋಟೆ, ಯಾದಗಿರಿ, ರಾಯಚೂರಿನ ಟಿಕೆಟ್ ಕೌಂಟರ್ ಪಕ್ಕದ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದು ಹಾಕಲಿ.