ನೂರಕ್ಕೆ ಹತ್ತು ಮಂದಿಯ ಮಾತು

ಕೆನಡಾದ ಮ್ಯಾನಿಟೋಬ ಪ್ರಾಂತದ ವಿನಿಪೆಗ್ ನಗರದಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿ ಕೊಮಾರ್ನೊ ಎಂಬ ಪುಟ್ಟ ಊರಿದೆ. ಅಲ್ಲಿ 15 ಅಡಿ ರೆಕ್ಕೆಯಗಲದ ಉಕ್ಕಿನ ಸೊಳ್ಳೆಯೊಂದು ಕಂಬದ ಮೇಲೆ ಕುಳಿತು ಗಾಳಿ ಬೀಸಿದತ್ತ ತಿರುಗುತ್ತಿರುತ್ತದೆ. ಉಕ್ರೇನಿಯನ್ ಭಾಷೆಯಲ್ಲಿ ‘ಕೊಮಾರ್’ ಎಂದರೆ ಸೊಳ್ಳೆ. ಕೆನಡಾದ ಇಂಥ ಉಕ್ರೇನಿಯನ್ ಮೂಲದ ಊರಹೆಸರುಗಳನ್ನು ಕಲೆಹಾಕಿ ವಿವರಿಸಿದ ವಿದ್ವಾಂಸ ಯಾರೊಸ್ಲಾವ್ ರುಡ್ನಿಟ್ಸ್ಕಿ. ಹೊರನಾಡ ಕನ್ನಡಿಗರಾದ ನಾವು ಅವರ ಬದುಕನ್ನು ತಿಳಿಯಬೇಕೆಂದು ನನಗೆ ಅನಿಸಿದ್ದು ಊರಹೆಸರುಗಳಿಗಾಗಿ ಅಲ್ಲ, ಅವರು ಸರ್ಕಾರದ ಮುಂದಿಟ್ಟ ಒಂದು ಬೇಡಿಕೆಗಾಗಿ.

ರುಡ್ನಿಟ್ಸ್ಕಿ 1910ರಲ್ಲಿ, ಆಗ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದಲ್ಲಿದ್ದು ಈಗ ಪೋಲೆಂಡಿಗೆ ಸೇರಿರುವ ಪೆರೆಮಿಶ್ಲ್‌ನಲ್ಲಿ ಹುಟ್ಟಿದರು. ಲ್ವಿವ್‌ನಲ್ಲಿ ಓದಿ, ಎರಡನೆಯ ಮಹಾಯುದ್ಧದ ವರ್ಷಗಳನ್ನು ಬರ್ಲಿನ್ ಮತ್ತು ಪ್ರಾಗ್‌ಗಳಲ್ಲಿ ಕಳೆದು, ಯುದ್ಧ ಮುಗಿದ ಮೇಲೆ ಊರಿಗೆ ಮರಳಲಾಗದೆ ಜರ್ಮನಿಯಲ್ಲಿ ನೆಲೆಯಿಲ್ಲದವರ ನಡುವೆ ಇದ್ದು, 1949ರಲ್ಲಿ ಕೆನಡಾಕ್ಕೆ ಬಂದರು. ಬಂದ ವರ್ಷವೇ ಮ್ಯಾನಿಟೋಬ ವಿಶ್ವವಿದ್ಯಾಲಯದಲ್ಲಿ ಸ್ಲಾವಿಕ್ ಭಾಷೆಗಳ ವಿಭಾಗವನ್ನು ಕಟ್ಟತೊಡಗಿದರು. ಉಕ್ರೇನಿಯನ್ ಪದಗಳ ವ್ಯುತ್ಪತ್ತಿ ನಿಘಂಟನ್ನು ಕಂತುಕಂತಾಗಿ ಹೊರತಂದರು. ನಮ್ಮ ದೊಡ್ಡ ನಿಘಂಟನ್ನು ಬೆಂಗಳೂರಿನ ಸಾಹಿತ್ಯ ಪರಿಷತ್ತು ಮಾಡಿಕೊಟ್ಟಿತು. ಅವರಿಗೆ ಅಂಥದೊಂದು ಬೆಂಗಳೂರು ಉಳಿದಿರಲಿಲ್ಲ.

ಇಂಗ್ಲಿಷ್ ಮತ್ತು ಫ್ರೆಂಚ್‌ಗಳ ಸ್ಥಾನಮಾನವನ್ನು ಪರಿಶೀಲಿಸಲು 1963ರಲ್ಲಿ ಕೆನಡಾ ಸರ್ಕಾರ ರಚಿಸಿದ ರಾಯಲ್ ಆಯೋಗದಲ್ಲಿ ಅವರು ಸದಸ್ಯರಾಗಿದ್ದರು. ಆಯೋಗದ ಮೊದಲ ಸಂಪುಟ 1967ರಲ್ಲಿ ಬಂದಾಗ ಅದರಲ್ಲಿ ಅವರ ಪ್ರತ್ಯೇಕ ಹೇಳಿಕೆಯೂ ಇತ್ತು: ಯಾವುದೇ ಆಡಳಿತ ಪ್ರದೇಶದಲ್ಲಿ ನೂರಕ್ಕೆ 10 ಮಂದಿ ಆಡುವ ಬೇರೊಂದು ಭಾಷೆಗೆ ಅಲ್ಲಿ ಪ್ರಾದೇಶಿಕ ಭಾಷೆಯ ಸ್ಥಾನ ಸಿಗಬೇಕು. ಮ್ಯಾನಿಟೋಬ 1916ರಲ್ಲಿ ದ್ವಿಭಾಷಾ ಶಾಲೆಗಳನ್ನು ರದ್ದು ಮಾಡಿದ್ದನ್ನು ಅಲ್ಲಿನ ಹಿಂದಿನ ತಲೆಮಾರಿನ ಉಕ್ರೇನಿಯನ್ನರು ಮರೆತಿರಲಿಲ್ಲವಾದ್ದರಿಂದ, ಈ ಬೇಡಿಕೆಯ ಬೆನ್ನಿಗೆ ಹಳೆಯ ಗಾಯವೊಂದೂ ಇತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಾನು ಬೆಳೆದ ಮುಂಬಯಿ. ಅಲ್ಲಿ ನನ್ನ ಚಿಕ್ಕಪ್ಪ ಹಗಲಿಡೀ ಹೋಟೆಲಿನ ಮೇಜು ಒರೆಸಿ, ಕನ್ನಡಿಗರೇ ನಡೆಸುತ್ತಿದ್ದ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸಾದರು. ನಾನು ಓದಿದ್ದು ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ. ಜೂನ್ ತಿಂಗಳ ಮಳೆಯಲ್ಲಿ ನಮ್ಮ ಹೆಡ್‌ಮಾಸ್ತರರು ಕೊಡೆ ಹಿಡಿದು ಚಾಳಿನ ಮನೆಮನೆಗೆ ಬಂದು, ‘ಈ ವರ್ಷ ಮಗುವನ್ನು ನಮ್ಮಲ್ಲಿಗೇ ಕಳಿಸಿ’ ಎಂದು ಕೇಳುತ್ತಿದ್ದರು. ತರಗತಿಯಲ್ಲಿ 10, ಇಲ್ಲವೇ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಪಾಠ ಹೇಳಬೇಕೆಂದು 1949ರಲ್ಲೇ ನಮ್ಮ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಒಪ್ಪಿದ್ದರು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆನ್ನುವ ಸಂವಿಧಾನದ 350ಎ ವಿಧಿ 1956ರಲ್ಲಿ ಬಂತು. ಅಂದರೆ ರುಡ್ನಿಟ್ಸ್ಕಿಯವರು ಕೆನಡಾದಲ್ಲಿ ಕೇಳಿದ ಬಗೆಯ ಲೆಕ್ಕ ನಮ್ಮಲ್ಲಿ ಅದಾಗಲೇ ಕಾಗದದ ಮೇಲಿತ್ತು. ಹಾಗಿದ್ದರೂ ಮಕ್ಕಳನ್ನು ಕಲೆಹಾಕುವ ಹೊರೆ ಒಬ್ಬ ಮಾಸ್ತರರ ಮೇಲೆ ಬಿತ್ತು. ನಾವು ಉಳಿದವರು ನಾಟಕ, ಯಕ್ಷಗಾನ, ಸನ್ಮಾನಗಳಲ್ಲಿ ಮುಳುಗಿದ್ದೆವು.

ರುಡ್ನಿಟ್ಸ್ಕಿ ಗೆದ್ದರೆಂದು ಹೇಳಲಾರೆ. ಸಹಸದಸ್ಯರು ಅವರ ಸಲಹೆಯನ್ನು ಒಪ್ಪಲಿಲ್ಲ. 1971ರ ಅಕ್ಟೋಬರ್ 8ರಂದು ಪ್ರಧಾನಿ ಪಿಯೆರ್ ಟ್ರೂಡೊ ಬಹುಸಂಸ್ಕೃತಿ ನೀತಿಯನ್ನು ಸಂಸತ್ತಿನಲ್ಲಿ ಪ್ರಕಟಿಸಿ, ಮರುದಿನವೇ ವಿನಿಪೆಗ್‌ನಲ್ಲಿ ಉಕ್ರೇನಿಯನ್ನರ ಸಮ್ಮೇಳನದಲ್ಲಿ ಮಾತನಾಡಿದರು. ಆದರೆ ಆ ನೀತಿ ಸಂಸ್ಕೃತಿಗಳಿಗೆ ಮನ್ನಣೆ ಕೊಟ್ಟಿತೇ ಹೊರತು ಅಧಿಕೃತ ಭಾಷೆಗಳು ಎರಡೇ ಉಳಿದವು. ಭಾಷೆಗೆಂದು ಕೈಗೆ ಹತ್ತಿದ್ದು ಪ್ರಾಂತಗಳಲ್ಲಿ: 1974ರಲ್ಲಿ ಆಲ್ಬರ್ಟಾದ ಎಡ್ಮಂಟನ್‌ನಲ್ಲಿ, 1979ರಲ್ಲಿ ಮ್ಯಾನಿಟೋಬದಲ್ಲಿ, ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್-ಉಕ್ರೇನಿಯನ್ ತರಗತಿಗಳು ಶುರುವಾದವು. ಅಷ್ಟಾದರೂ ಮೂರನೆಯ ತಲೆಮಾರಿನ ಅನೇಕರಿಗೆ ಕುಣಿತ ಬರುತ್ತದೆ, ಮಾತು ಬರುವುದಿಲ್ಲ. ಕಳೆದ ಚಳಿಗಾಲ ಉತ್ತರ ವಿನಿಪೆಗ್‌ನ ಅಂಗಡಿಯೊಂದರಲ್ಲಿ, 2022ರ ಯುದ್ಧದಿಂದ ತಪ್ಪಿಸಿಕೊಂಡು ಬಂದ ತಾಯಿಯೊಬ್ಬರು ಬೀಟ್‌ರೂಟ್ ಆರಿಸುತ್ತ ಏನನ್ನೋ ಕೇಳಿದರು. ಗಲ್ಲಾದ ಮೇಲಿದ್ದ ಅಜ್ಜ ಅವರದೇ ಭಾಷೆಯಲ್ಲಿ ಉತ್ತರಿಸಿದಾಗ ಆಕೆಗೆ ನಗು ಬಂತು. ತನ್ನ ಮುತ್ತಜ್ಜಿ ಹೀಗೆ ಮಾತನಾಡುತ್ತಿದ್ದರೆಂದು ನನಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಚೀಲ ತುಂಬುತ್ತಿದ್ದ ಅಜ್ಜನ ಮೊಮ್ಮಗ ಇಬ್ಬರ ಮುಖವನ್ನೂ ನೋಡುತ್ತಿದ್ದ.

ವಿಮಾನದ ಟಿಕೆಟ್ ಕೊಂಡರೆ ನಾಳಿದ್ದು ಕನ್ನಡದ ನೆಲದಲ್ಲಿರಬಹುದಾದ ನಮಗೂ ಹಿಂದಿರುಗುವ ದಾರಿ ಮುಚ್ಚಿದ್ದ ಅವರಿಗೂ ಹೋಲಿಕೆ ಎಲ್ಲಿಯದು ಎಂದು ಗೆಳೆಯರು ಕೇಳುತ್ತಾರೆ. ಅವರ ಮಾತು ನಿಜ. ಆದರೆ ಇಲ್ಲಿ, ಕೆನಡಾದಲ್ಲೇ ಹುಟ್ಟಿದ ನನ್ನ ಮಗಳಿಗೆ ಆ ಟಿಕೆಟ್ ರಜೆಯ ಪ್ರವಾಸವಷ್ಟೇ. ನಮ್ಮ ಸಂಘದ ಹೋದ ಸಭೆಯಲ್ಲಿ ಗಣೇಶೋತ್ಸವದ ಹಾಲ್ ಬಾಡಿಗೆಯ ಚರ್ಚೆ ಒಂದು ಗಂಟೆ ನಡೆಯಿತು. ಪ್ರೌಢಶಾಲೆಯಲ್ಲಿ ಕನ್ನಡವನ್ನು ಅಂಕ ಸಿಗುವ ವಿಷಯವಾಗಿಸಲು ಶಾಲಾ ಮಂಡಳಿಗೆ ಅರ್ಜಿ ಹಾಕುವ ವಿಚಾರ ಮುಂದಿನ ಸಭೆಗೆ ಹೋಯಿತು. ಅರ್ಜಿ ಬರೆಯುವ ಕೆಲಸ ನನ್ನದೇ ಆಗಿತ್ತು. ಆ ಸಭೆಗೆ ನಾನೂ ಕರಡು ಒಯ್ದಿರಲಿಲ್ಲ.